ಬಯಲು ಕೂಟದ ಉಡಿ

ಮಡ್ಡಿಹಾಳ
ಭಾರತ ಹುಣ್ಣಿಮೆಯ ಮರುದಿನ, 13-2-2025

ಈ ಪತ್ರ ಓದಲು ಕೂತವಳೇ,

ಮೊದಲು ಸರಿಯಾಗಿ ಕೂತುಕೋ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದರೆ ಇಳಿಸಿ ಬಾ. ನೀನು ಜಹೀರುನ್ನೀಸಾ ಎಂದು ನನಗೆ ಗೊತ್ತು, ಆ ಮನೆಯಲ್ಲಿ ಕನ್ನಡ ಓದಲು ಬರುವುದು ನಿನಗೊಬ್ಬಳಿಗೇ. ಹೋದ ಸಲ ನಾನು ನಿನ್ನ ಅಮ್ಮಿಗೆ ಬರೆದ ಬೈಗುಳವನ್ನೆಲ್ಲ ನುಂಗಿ, ದೊಡ್ಡವ್ವ ಸುಖವಾಗಿದ್ದಾಳಂತೆ ಎಂದಷ್ಟೇ ಓದಿ ಮಡಿಚಿಟ್ಟೆಯಂತೆ. ಸುಖ ಎಂದು ನಾನು ಎಲ್ಲಿ ಬರೆದಿದ್ದೆ? ನಾಲ್ಕನೆಯ ಕ್ಲಾಸಿಗೆ ಸಾಲೆ ಬಿಟ್ಟವಳು ಕಣ್ಣು ಕಿರಿದು ಮಾಡಿ ಒಂದೊಂದೇ ಅಕ್ಷರ ಕೂಡಿಸಿ ಬರೆಯುತ್ತಾಳೆ, ಬಿ.ಎ. ಮಾಡಿದವಳು ಹಾರಿಸಿ ಓದುತ್ತಾಳೆ. ನನ್ನ ತೊಡೆಯ ಮೇಲೆ ಕೂತು ಸಜ್ಜಿ ರೊಟ್ಟಿ ತಿಂದವಳು ನೀನು. ಆ ಋಣಕ್ಕಾದರೂ ಇದ್ದದ್ದನ್ನು ಇದ್ದಹಾಗೆ ಓದು. ನಾನು ಬೈದಲ್ಲಿ ನೀನೂ ಬೈ.

ಶರೀಫಾ, ಮೊಣಕಾಲಿಗೆ ಕತ್ತರಿ ಹಾಕಿಸಿಕೊಂಡು ಯಾದಗಿರಿಯಲ್ಲಿ ಮಗಳ ಮನೆಯಲ್ಲಿ ಕಾಲು ಚಾಚಿ ಮಲಗಿದ್ದೀ. ನಮ್ಮ ಅವ್ವ ಹೇಳುತ್ತಿದ್ದಳು, ಮಗಳ ಮನೆಗೆ ಹೋದರೆ ಕೊಟ್ಟು ಬರಬೇಕು, ಬೇಡಿ ಬರಬಾರದು ಎಂದು. ನೀನು ಏನು ಕೊಡುತ್ತಿದ್ದೀಯೋ ಕಾಣೆ. ಅಳಿಯನಿಗೆ ಉಪದೇಶ ಕೊಡುತ್ತಿರಬೇಕು.

ನಿನ್ನ ಸೊಸೆ ಆಮೀನಾ ನಿನ್ನೆ ಪಂಚಾಯಿತಿ ಅಧ್ಯಕ್ಷೆ ಆದಳು. ನಿನ್ನ ಮಗ ನವಾಜ್ ಫೋನಿನಲ್ಲಿ ಹೇಳಿರುತ್ತಾನೆ. ಆದರೆ ಗಂಡಸರು ಗೆದ್ದದ್ದು ಹೇಳುತ್ತಾರೆ, ನಡೆದದ್ದು ಹೇಳುವುದಿಲ್ಲ. ನಾನೇ ಫೋನು ಮಾಡುತ್ತಿದ್ದೆ. ಆದರೆ ಫೋನು ಮಗನ ಕಿಸೆಯಲ್ಲಿರುತ್ತದೆ. ಅದರಲ್ಲಿ ನೀನು ಹೇಳಿದ್ದು ನನಗೆ ಕೇಳಿಸುವುದಿಲ್ಲ, ನಾನು ಹೇಳಿದ್ದೆಲ್ಲ ಅವನಿಗೆ ಕೇಳಿಸುತ್ತದೆ. ಆದ್ದರಿಂದ ಟಪಾಲು. ಹೇಗೂ ನಿಮ್ಮ ಸರದಾರಸಾಬ ದಿನಾ ಸೈಕಲ್ಲು ತುಳಿದುಕೊಂಡು ಬರುತ್ತಾನೆ, ಅವನ ಚೀಲಕ್ಕೂ ಒಂದಿಷ್ಟು ತೂಕ ಬೇಕಲ್ಲ.

ನಿನಗೆ ಗೊತ್ತಿದ್ದದ್ದೇ: ಖುರ್ಚಿಯ ಮೇಲೆ ಯಾರೇ ಕೂರಲಿ, ಪಂಚಾಯಿತಿಯ ಸೀಲು ಇರುತ್ತಿದ್ದದ್ದು ದೊಡ್ಡಮನೆಯ ದೇವಕ್ಕನ ಕಪಾಟಿನಲ್ಲಿ. ಈ ಸಲ ಖುರ್ಚಿ ಹೆಂಗಸಿಗೆ ಎಂದು ಬಂತು. ದೇವಕ್ಕ ತಾನೇ ಕೂರಲು ರೇಷ್ಮೆ ಸೀರೆ ಇಸ್ತ್ರಿ ಮಾಡಿಸಿಕೊಂಡಳು. ಆಗ ನಮ್ಮ ಭೀಮಾಶಂಕರ, ಹೌದು, ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ, ದೊಡ್ಡಮನೆಗೆ ಸಲಾಮು ಹೊಡೆಯದವರನ್ನೆಲ್ಲ ಒಂದು ಕಡೆ ತಂದ. ನಮ್ಮ ಲಿಂಗಾಯತರ ಹುಡುಗರು, ಕುರುಬರ ಓಣಿಯವರು, ಕೇರಿಯಿಂದ ಮರೆಪ್ಪ, ನಿಮ್ಮ ಆಮೀನಾ. ಮರೆಪ್ಪನ ಮನೆಯಲ್ಲಿ ಕೂತು ರೊಟ್ಟಿ ಉಂಡು ಬಂದು, ಅವ್ವಾ ಉಂಡೆ ಎಂದು ಹೇಳಿದ. ಉಂಡರೆ ಉಂಡಿ, ತಾಟು ತೊಳೆದು ಬಂದೆಯೋ ಇಲ್ಲವೋ ಎಂದು ಕೇಳಿದೆ. ಮುಖ ಸಪ್ಪಗೆ ಮಾಡಿಕೊಂಡ.

ಇವರ ಮೈತ್ರಿಗೆ ಬಯಲು ಕೂಟ ಎಂದು ಹೆಸರು. ಮಾತೆಲ್ಲ ಬೇವಿನ ಗಿಡದ ಕೆಳಗೆ, ಬಯಲಿನಲ್ಲಿ, ಊರ ಮುಂದೆ ಆಗಬೇಕಂತೆ. ಬಾಗಿಲು ಹಾಕಿಕೊಂಡು ಏನೂ ಆಗಬಾರದಂತೆ. ಹೆಸರು ಕೇಳಿ ನಾನು ಅಂದೆ, “ಬಯಲಕಡಿ ಹೋಗೋರ ಕೂಟ ಏನೋ ಭೀಮಾ? ತಂಬಗಿ ಯಾರ್ ಹಿಡೀತಾರ?” ಮರೆಪ್ಪ ಬಿದ್ದು ಬಿದ್ದು ನಕ್ಕ. ಆಮೇಲೆ ಹಲಗೆಯ ಮೇಲೆ ಬಣ್ಣದಲ್ಲಿ ಹೆಸರು ಬರೆಸಿ ಬೇವಿನ ಗಿಡಕ್ಕೆ ಕಟ್ಟಿದರು. ಇನ್ನೊಂದು ಕರಾರು ಮಾಡಿದರು: ಹೆಂಗಸರು ಮೆಂಬರಾದ ಕಡೆ ಗಂಡ, ಮಗ, ಮೈದುನ ಯಾರೂ ಸಭೆಯೊಳಗೆ ಬರಬಾರದು. ನಾನೂ ಮೆಂಬರಲ್ಲವೇ! ನಮ್ಮ ಓಣಿಯ ಸೀಟು ಹೆಂಗಸಿಗೆ ಬಂತೆಂದು ಭೀಮ ನನ್ನನ್ನು ನಿಲ್ಲಿಸಿದಾಗ, ಅವ್ವ ಹೇಳಿದಲ್ಲಿ ಸಹಿ ಹಾಕಿ ಮನೆಗೆ ಬರುತ್ತಾಳೆ ಎಂದುಕೊಂಡಿದ್ದ. ಈಗ ತನ್ನ ಕರಾರಿನಿಂದ ತಾನೇ ಹೊರಗೆ ಕೂತಿದ್ದಾನೆ.

ಗೆದ್ದ ಮೇಲೆ ಎಲ್ಲರೂ ಗಿಡದ ಕೆಳಗೆ ಬಂದರು. ಆಮೀನಾಗೆ ಮಾಲೆ ಹಾಕಿದರು. ನನಗೆ ಏನು ಅನ್ನಿಸಿತೋ, ಮಾಲೆ ಬಾಡುತ್ತದೆ, ಹುಡುಗಿಗೆ ಉಡಿ ತುಂಬೋಣ ಎಂದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಬೇರು, ರಂಗಂಪೇಟೆಯಿಂದ ತಂದಿಟ್ಟಿದ್ದ ಹಸಿರು ಕುಪ್ಪಸದ ಕಣ. ತಟ್ಟೆ ಹಿಡಿದು ಮುತ್ತೈದೆಯರನ್ನು ಕರೆಯಹೋದೆ. ಗಂಡ ಸತ್ತವಳು ಉಡಿ ತುಂಬಬಾರದಲ್ಲ. ದೇವಕ್ಕ ತನ್ನ ಜಗುಲಿಯಿಂದಲೇ ಕೂಗಿ ಹೇಳಿದಳು, ವಿಧವೆ ತಟ್ಟೆ ಮುಟ್ಟಿದಳು, ಇನ್ನು ಆ ಖುರ್ಚಿಗೆ ಗತಿ ಇಲ್ಲ ಎಂದು. ನನ್ನ ಕೈ ನಿಂತಿತು. ಆಮೀನಾ ಬಂದು ನನ್ನ ಮುಂದೆಯೇ ಸೆರಗು ಒಡ್ಡಿ ನಿಂತಳು.

“ನೀವಽ ತುಂಬ್ರಿ ಯವ್ವ,” ಅಂದಳು. “ತವರಿನವ್ರು ನೀವಽ ಅಲ್ಲೇನ್ರಿ ನನಗ.”

ತುಂಬಿದೆ, ಶರೀಫಾ. ನನ್ನ ಗಂಡ ಹೋದಮೇಲೆ ಯಾರ ಉಡಿಯನ್ನೂ ತುಂಬಿರದ ಕೈಯಿಂದ ತುಂಬಿದೆ. ಅಕ್ಕಿ ಒಂದಿಷ್ಟು ಚೆಲ್ಲಿತು. ಹೆತ್ತವರಿಲ್ಲದ ಹುಡುಗಿ ಅದು. ಇನ್ನು ಮೇಲೆ ಅವಳು ನನ್ನ ಮನೆಯ ಮಗಳು, ಭೀಮ ಅವಳ ಅಣ್ಣ, ನೀನು ನನಗೆ ಬೀಗತಿ. ಆದ್ದರಿಂದ ಜರಾ ಮರ್ಯಾದೆಯಿಂದ ಉತ್ತರ ಬರೆಸು.

ನಿನ್ನ ಹೊಸ ಬೀಗತಿ,
ಗೊಲ್ಲಾಳಮ್ಮ


ಯಾದಗಿರಿ
24-2-2025

ಗೊಲ್ಲಾಳಿ,

ಬೈಗುಳ ಪೂರಾ ಓದಿಸಿಕೊಂಡೆ. ಜಹೀರಾ ಓದುವಾಗ ನಕ್ಕು ನಕ್ಕು ಕಣ್ಣೀರು ಹಾಕಿದಳು. ಕಾಲು ಇನ್ನೂ ಮಡಚಲು ಬರುವುದಿಲ್ಲ. ಅಳಿಯನಿಗೆ ಉಪದೇಶ ಕೊಡುತ್ತಿಲ್ಲ, ಅವನೇ ನನಗೆ ಕೊಡುತ್ತಿದ್ದಾನೆ, ನಡಿ ನಡಿ ಎಂದು.

ಆಮೀನಾ ಫೋನಿನಲ್ಲಿ ಖುರ್ಚಿಯ ಮಾತು ಒಂದು ಸಲ ಆಡಿದಳು, ಉಡಿಯ ಮಾತು ಐದು ಸಲ ಆಡಿದಳು. ಹಸಿರು ಕಣವನ್ನು ಹೊಲಿಸದೆ ಟ್ರಂಕಿನಲ್ಲಿ ಇಟ್ಟಿದ್ದಾಳಂತೆ. ನಿಮ್ಮ ಓಣಿಯಲ್ಲಿ ಬಾಳಿದವಳು ನಾನು, ನಿಮ್ಮ ರಿವಾಜು ನನಗೆ ನಿನ್ನಷ್ಟೇ ಗೊತ್ತು. ಉಡಿ ತುಂಬಿದವರು ಹೆಣ್ಣಿನ ಬೆನ್ನಿಗೆ ಇರಬೇಕು. ಹುರುಪಿಗೆ ತುಂಬಿದ್ದರೆ ಈಗಲೇ ಹೇಳಿಬಿಡು, ಆ ಅಕ್ಕಿಯನ್ನು ಬೇಯಿಸಿ ಉಂಡು ಮರೆತುಬಿಡುತ್ತೇವೆ. ಯಾರಿಗೂ ನೋವಾಗುವುದಿಲ್ಲ.

ಭೀಮನನ್ನು ಬೈಯುತ್ತಿಲ್ಲ. ನನ್ನ ಕಣ್ಣ ಮುಂದೆ ಬೆಳೆದ ಹುಡುಗ, ಮನಸ್ಸು ಒಳ್ಳೆಯದು. ಆದರೆ ಬಿಸಿಲಿನ ಕಡೆ ತಿರುಗುವ ಸೂರ್ಯಪಾನದ ಹೂವಿನ ಹಾಗೆ, ಹೊಗಳಿಕೆ ಎಲ್ಲಿಂದ ಬೀಳುತ್ತದೋ ಆ ಕಡೆ ಮುಖ ತಿರುಗಿಸುತ್ತಾನೆ. ನೋಡಿಕೊಂಡಿರು.

ಹೇಳಿ ಬರೆಸಿದವಳು,
ಶರೀಫಾಬೀ


ಮಡ್ಡಿಹಾಳ
2-4-2025

ಬೀಗತಿ,

ಮೊನ್ನೆ ಯುಗಾದಿಯ ಬೇವು, ಮರುದಿನವೇ ರಂಜಾನಿನ ಸಿಹಿ ಶಾವಿಗೆ ಸುರಕುಂಬಾ. ನಾಲಗೆಗೆ ಏನು ತಿಳಿಯಬೇಕು? ನಿನ್ನ ಸೊಸೆ ಗಿಂಡಿ ತುಂಬ ಕಳಿಸಿದ್ದಳು. ಮೊಮ್ಮಗಳು ಬಸವೇಶ್ವರಿ ಮೂರು ಬಟ್ಟಲು ಕುಡಿದು, ನಮ್ಮ ಆಮೀನಾ ಅತ್ತಿ ಎಂದು ಸಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅಪ್ಪನ ತಂಗಿಯಾದಮೇಲೆ ಅತ್ತಿಯೇ ತಾನೆ. ಹುಡುಗಿ ತಾನಾಗಿಯೇ ಲೆಕ್ಕ ಹಾಕಿದೆ.

ಬಯಲು ಕೂಟ ಏನು ಮಾಡಿತು ಎಂದು ಕೇಳಿದ್ದೀಯಂತೆ. ಹೇಳುತ್ತೇನೆ. ನಲ್ಲಿಯ ನೀರು ಇಷ್ಟು ವರ್ಷ ದೊಡ್ಡಮನೆಯ ಓಣಿಯಿಂದ ಶುರುವಾಗಿ, ಕೇರಿಗೆ ಹೋಗುವಷ್ಟರಲ್ಲಿ ಬರೀ ಗಾಳಿ ಉಸುರುತ್ತಿತ್ತು. ಆಮೀನಾ ನೀರು ಬಿಡುವವನನ್ನು ಗಿಡದ ಕೆಳಗೆ ಕರೆದು, ನಾಳೆಯಿಂದ ಕೊನೆಯ ಓಣಿಯಿಂದ ಬಿಡು ಎಂದಳು. ಅವನು ದೇವಕ್ಕನ ಜಗುಲಿಯ ಕಡೆ ನೋಡಿದ. ನಾನು ಅಂದೆ, ಅಲ್ಲಿ ಏನು ನೋಡುತ್ತೀ, ನೀರು ಕೊಳವೆಯಲ್ಲಿ ಬರುತ್ತದೆ, ದೇವಕ್ಕನ ಮೂಗಿನಿಂದ ಬರುವುದಿಲ್ಲ ಎಂದು. ಅಂದಿನಿಂದ ಕೇರಿಯ ಹೆಂಗಸರು ಬೆಳಕಿದ್ದಾಗಲೇ ನೀರು ತುಂಬಿಕೊಂಡು ಮಲಗುತ್ತಾರೆ. ಮರೆಪ್ಪನ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡಳು.

ಇನ್ನು ಗಂಡಂದಿರ ಕಟ್ಟೆಯ ತಮಾಷೆ. ಸಭೆಯ ದಿನ ಪಂಚಾಯಿತಿಯ ಹೊರಗಿನ ಕಟ್ಟೆಯ ಮೇಲೆ ಮೆಂಬರುಗಳ ಗಂಡಂದಿರು, ಮಕ್ಕಳು ಸಾಲಾಗಿ ಕೂತಿರುತ್ತಾರೆ, ಹೆರಿಗೆ ಮನೆಯ ಹೊರಗೆ ಕೂತ ಹಾಗೆ. ಕಿಟಕಿಯಲ್ಲಿ ಇಣುಕಿದರೆ ಆಮೀನಾ ಮಾತು ನಿಲ್ಲಿಸುತ್ತಾಳೆ. ಒಂದು ಸಲ ಭೀಮನೇ ಇಣುಕಿದ. ಅವಳು ನಗುತ್ತಲೇ, “ಅಣ್ಣಾರ, ಕರಾರು ಬರೆದವ್ರು ನೀವಽ ಅಲ್ಲೇನ್ರಿ,” ಅಂದಳು. ಕಟ್ಟೆ ಪೂರಾ ನಕ್ಕಿತು. ಭೀಮನೂ ನಕ್ಕ. ಆದರೆ ಆ ದಿನ ಮನೆಗೆ ಬಂದು ಉಣ್ಣಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದ.

ಈಗೀಗ ಶಹಾಪುರಕ್ಕೆ ಬಹಳ ಓಡಾಡುತ್ತಾನೆ. ದೊಡ್ಡಮನೆಯ ಜೀಪಿನಲ್ಲಿ ಕೂತದ್ದನ್ನು ಯಾರೋ ನೋಡಿದರಂತೆ. ಬಸ್ಸು ತಪ್ಪಿರಬೇಕು. ನೀನು ಸೂರ್ಯಪಾನ, ಗೀರ್ಯಪಾನ ಎಂದು ಬರೆಸಿ ನನ್ನ ತಲೆ ಕೆಡಿಸಬೇಡ. ನನ್ನ ಮಗ ನನಗೆ ಗೊತ್ತು.

ಬೇಗ ನಡೆಯಲು ಕಲಿ. ಬಂದು ನಿನ್ನ ಸೊಸೆಯ ದರ್ಬಾರು ನೋಡು.

ಗೊಲ್ಲಾಳಮ್ಮ


ಯಾದಗಿರಿ
14-6-2025

ಗೊಲ್ಲಾಳಮ್ಮ,

ಆಮೀನಾ ಕಾರಹುಣ್ಣಿಮೆಯ ಮರುದಿನ ರಾಜೀನಾಮೆಗೆ ಸಹಿ ಹಾಕಿದಳಂತೆ. ಕೇಳಿದವಳು ನೀನಂತೆ. ಭೀಮನ ಜೊತೆ ಅವಳ ಮನೆಗೆ ಹೋಗಿ, ಕೂತು, ಚಹಾ ಕುಡಿದು ಕೇಳಿದೆಯಂತೆ. ಫೋನಿನಲ್ಲಿ ಅವಳು ಅಳಲಿಲ್ಲ. ಅದಕ್ಕೇ ನನಗೆ ಹೆದರಿಕೆ.

ನವಾಜ್ ಸುರಪುರದಲ್ಲಿ ವಕೀಲರನ್ನು ಕೇಳಿಕೊಂಡು ಬಂದಿದ್ದಾನೆ. ಹತ್ತು ದಿನದೊಳಗೆ ರಾಜೀನಾಮೆ ಹಿಂದಕ್ಕೆ ತೆಗೆದುಕೊಳ್ಳಬಹುದಂತೆ. ಅವಳು ಒಪ್ಪುತ್ತಿಲ್ಲ. ತವರಿಗೆ ಕೊಟ್ಟದ್ದನ್ನು ಹೇಗೆ ಹಿಂದಕ್ಕೆ ಕೇಳಲಿ ಎನ್ನುತ್ತಾಳೆ. ನಿನ್ನ ಮಾತಿಗೆ ಕೊಟ್ಟಿದ್ದಾಳೆ, ನಿನ್ನ ಮಾತಿಗೆ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಬೇರೆ ಯಾರ ಮಾತಿಗೂ ಇಲ್ಲ. ಹೋಗು. ಒಂದು ಮಾತು ಹೇಳು.

ಇದರಲ್ಲಿ ಬೈಗುಳ ಇಲ್ಲ. ಜಹೀರಾ ಏನನ್ನೂ ಬಿಟ್ಟಿಲ್ಲ.

ಶರೀಫಾಬೀ


ಮಡ್ಡಿಹಾಳ
ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ, 24-6-2025

ಶರೀಫಾಬೀಗೆ,

ನಿನ್ನ ಪತ್ರ ನಿನ್ನೆ ಸಂಜೆ ಮುಟ್ಟಿತು. ಟಪಾಲಿನವರಿಗೆ ಈಗ ಜವಾಬ್ದಾರಿ ಇಲ್ಲ. ಅಷ್ಟರಲ್ಲಿ ಗಡುವು ಮುಗಿದುಹೋಗಿತ್ತು. ನಾನೇನು ಮಾಡಲಿ? ಮೇಲಾಗಿ ನನಗೆ ಮೈ ಬಿಸಿ ಇತ್ತು, ಎದ್ದು ಹೋಗುವ ಸ್ಥಿತಿಯಲ್ಲಿ ಇರಲಿಲ್ಲ.

ನೀನು ಬರೆಸಿದ್ದನ್ನು ಓದಿದರೆ ನಾನು ಯಾರದೋ ಮನೆ ಮುರಿದೆ ಎನ್ನುವ ಹಾಗಿದೆ. ರಾಜಕೀಯದಲ್ಲಿ ಪಾಳಿ ಇರುತ್ತದೆ. ಇವಳು ಒಂದಿಷ್ಟು ದಿನ, ಅವಳು ಒಂದಿಷ್ಟು ದಿನ. ಭೀಮನಿಗೆ ಶಹಾಪುರದ ಪಕ್ಷದ ದೊಡ್ಡವರು ಮುಂದಿನ ತಾಲೂಕು ಪಂಚಾಯಿತಿಗೆ ಟಿಕೆಟು ಎಂದಿದ್ದಾರೆ, ದೊಡ್ಡಮನೆಯವರ ಸಂಗಡ ಹೊಂದಿಕೊಂಡು ಹೋಗಬೇಕೆಂದಿದ್ದಾರೆ. ಅವನು ಮುಂದೆ ಬಂದರೆ ನಿಮಗೂ ಒಳ್ಳೆಯದಲ್ಲವೇ? ಎಲ್ಲರನ್ನೂ ಕೂಡಿಸಿದವನು ಅವನು. ಕೂಡಿಸಿದವನಿಗೆ ಬಿಡಿಸುವ ಹಕ್ಕು ಇಲ್ಲವೇ?

ಮತ್ತೆ ನಿನ್ನ ಸೊಸೆಗೆ ಬಾಯಿ ಇಲ್ಲವೇ? ಸಭೆಯಲ್ಲಿ ಊರಿಗೆಲ್ಲ ಎದುರು ಮಾತಾಡುವವಳು. ನಾನು ಕೇಳಿದೆ, ಅವಳು ಇಲ್ಲ ಎನ್ನಬಹುದಿತ್ತು. ಯೋಚಿಸುತ್ತೇನೆ ಎನ್ನಬಹುದಿತ್ತು. ಗಂಡನನ್ನು ಕೇಳುತ್ತೇನೆ ಎನ್ನಬಹುದಿತ್ತು. ಅಷ್ಟು ಲಗುನೆ ಸಹಿ ಮಾಡು ಎಂದು ಯಾರು ಹೇಳಿದರು?

ನಾನು ಚಹಾ ಕುಡಿದದ್ದನ್ನೂ ಬರೆಸಿದ್ದೀ. ಚಹಾ ಕೊಟ್ಟರೆ ಚೆಲ್ಲಬೇಕಿತ್ತೇ?

ಗೊಲ್ಲಾಳಮ್ಮ,
ಗ್ರಾಮ ಪಂಚಾಯಿತಿ ಸದಸ್ಯೆ


ಯಾದಗಿರಿ
1-7-2025

ದೊಡ್ಡವ್ವ,

ಇದು ನಾನು ಜಹೀರಾ, ನನ್ನ ಮಾತು. ನಿಮ್ಮ ಪತ್ರದ ಮೊದಲ ಎರಡು ಸಾಲು ಓದಿದೆ, ಅಮ್ಮಿ ಸಾಕು ಎಂದು ಕೈ ಮಾಡಿದರು. ಇನ್ನು ಮಡ್ಡಿಹಾಳದಿಂದ ಬಂದದ್ದನ್ನು ಓದಬೇಡ ಎಂದಿದ್ದಾರೆ. ನೀವು ನನಗೆ ಹಾರಿಸಬೇಡ ಎಂದು ಬೈದಿದ್ದಿರಿ. ಈಗ ಅಮ್ಮಿಯೇ ಪೂರಾ ಹಾರಿಸಿಬಿಟ್ಟರು.

ದೊಡ್ಡವ್ವ, ಸರದಾರಸಾಬ ಮಾಮ ನಮ್ಮವರೇ ಎಂಬುದು ನಿಮಗೆ ನೆನಪಿರಲಿಲ್ಲವೇ? ಪತ್ರವನ್ನು ಜೂನ್ 16, ಸೋಮವಾರ ಮುಂಜಾನೆಯೇ ನಿಮ್ಮ ಕೈಗೆ ಕೊಟ್ಟರಂತೆ, ನೀವು ಎಳ್ಳು ಆರಿಸುತ್ತ ಕೂತಿದ್ದಿರಂತೆ, ಮೈ ಚೆನ್ನಾಗಿತ್ತಂತೆ, ಫೋನಿನಲ್ಲಿ ಅವರೇ ಹೇಳಿದರು. ಗಡುವು ಮುಗಿಯಲು ಇನ್ನೂ ಆರು ದಿನ ಇತ್ತು. ಅಮ್ಮಿ ಇದನ್ನು ಕೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಆಮೀನಾ ಭಾಭಿ ನಿನ್ನೆ ಇಲ್ಲಿಗೆ ಬಂದಿದ್ದಾರೆ. ನಿಮ್ಮ ಮೇಲೆ ಒಂದು ಮಾತೂ ಆಡುವುದಿಲ್ಲ.

ಜಹೀರುನ್ನೀಸಾ


ಮಡ್ಡಿಹಾಳ
ಮೊಹರಂ ಮುಗಿದ ಮೇಲೆ, 8-7-2025

ಜಹೀರಾ,

ಇದನ್ನು ನಿನ್ನ ಅಮ್ಮಿಗೆ ಓದಬೇಡ. ನಿನಗೇ ಬರೆದದ್ದು. ಸಾಲೆ ಕಲಿತವಳು ನೀನು, ಎಲ್ಲವನ್ನೂ ಓದುವವಳು ಒಬ್ಬಳಾದರೂ ಇರಲಿ.

ಪತ್ರ ಆ ಸೋಮವಾರವೇ ಬಂತು. ಮೈ ಬಿಸಿ ಇರಲಿಲ್ಲ. ಸುಳ್ಳು ಬರೆದೆ. ಅದೂ ಟಪಾಲಿನವನ ಮೇಲೆ ಹಾಕಿ ಬರೆದೆ. ಊರಲ್ಲಿ ಎಲ್ಲರ ಸುಳ್ಳನ್ನು ಬಾಯಿಗೆ ಕೋಲಿಟ್ಟು ತೆಗೆಯುವವಳು, ನನ್ನ ಸುಳ್ಳು ಹೇಳಲೂ ಸರಿಯಾಗಿ ಬರಲಿಲ್ಲ.

ಕಾರಹುಣ್ಣಿಮೆಯ ದಿನ ಭೀಮ ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತಿದ್ದ. ನಾನು ಬಣ್ಣದ ಬಟ್ಟಲು ಹಿಡಿದು ನಿಂತಿದ್ದೆ. ಟಿಕೆಟಿನ ಮಾತು, ದೊಡ್ಡಮನೆಯ ಮಾತು ಎಲ್ಲ ಹೇಳಿದ. ಬೇವಿನ ಗಿಡದ ಕೆಳಗೆ ಹೇಳಬೇಕಾದದ್ದನ್ನು ಕೊಟ್ಟಿಗೆಯಲ್ಲಿ ಹೇಳುತ್ತಿದ್ದಾನೆ ಎಂದು ನನಗೆ ಹೊಳೆಯಲಿಲ್ಲವೆಂದಲ್ಲ, ಹೊಳೆಯಿತು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಅಂದ, “ನೀ ಒಂದು ಮಾತು ಹೇಳಿದ್ರ ಸಾಕು ಯವ್ವ. ಆಕಿ ಯಾರ್ ಮಾತೂ ಕೇಳಂಗಿಲ್ಲ, ನಿನ್ನ ಮಾತು ಮೀರಂಗಿಲ್ಲ. ಅಧ್ಯಕ್ಷೀನ ಎಬ್ಬಿಸೋ ತಾಕತ್ತು ಈ ಊರಾಗ ನಿನಗೊಬ್ಬಾಕಿಗೇ ಐತಿ.”

ನಾನು ಉಬ್ಬಿದೆ, ಜಹೀರಾ. ನಿಜ ಅದೇ. ಹದಿಮೂರು ವರ್ಷಕ್ಕೆ ಈ ಮನೆಗೆ ಬಂದೆ. ಅತ್ತೆ ಕೇಳಲಿಲ್ಲ, ಗಂಡ ಕೇಳಲಿಲ್ಲ, ಯಾರೂ ಯಾವತ್ತೂ ನನ್ನ ಮಾತಿಗೆ ತೂಕ ಇದೆ ಎಂದು ಹೇಳಿರಲಿಲ್ಲ. ಮಗ ಹೇಳಿದ. ಎತ್ತಿನ ಕೊಂಬಿಗೆ ಹಚ್ಚುವ ಬಣ್ಣವನ್ನು ನನಗೂ ಒಂದಿಷ್ಟು ಹಚ್ಚಿದ, ನಾನು ಕುಣಿದೆ.

ಮರುದಿನ ಹೋದೆವು. ಆಮೀನಾ ಬಾಗಿಲಲ್ಲೇ, ತವರಿನವರು ಬಂದರು ಎಂದು ನವಾಜನನ್ನು ಸಕ್ಕರೆಗೆ ಓಡಿಸಿದಳು. ನಾನೇನೋ ಕೊಡಲು ಬಂದಿದ್ದೇನೆ ಎಂದುಕೊಂಡಿದ್ದಳು. ಪಂಚಮಿಗೆ ಕರೆಯಲು ಈಗಲೇ ಬಂದಿರೇನು ಎಂದು ಕೇಳಿದಳು. ಹೆಣ್ಣು ಮಕ್ಕಳನ್ನು ಪಂಚಮಿಗೆ ತವರಿಗೆ ಕರೆಯುತ್ತಾರಲ್ಲ, ಆ ಲೆಕ್ಕ ಅವಳ ತಲೆಯಲ್ಲಿ. ನಾನು ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಚಹಾ ಬಂತು. ಭೀಮ ಕೆಮ್ಮಿದ. ನಾನು ಅಂದೆ, “ಆಮೀನಾ, ನಿನ್ನ ಖುರ್ಚಿ ನಿಮ್ಮಣ್ಣನ ದಾರಿಗಿ ಅಡ್ಡ ಆಗೈತಿ. ಬಿಟ್ಟುಕೊಡವ್ವ.”

ಅವಳು ನನ್ನ ಮುಖವನ್ನೇ ನೋಡಿದಳು. ಭೀಮನನ್ನು ನೋಡಲೇ ಇಲ್ಲ. ಅವನು ಕಾಗದ ತೆಗೆಯುವ ಮೊದಲೇ ಗೂಡಿನಿಂದ ಪೆನ್ನು ತಂದಳು.

“ತವರಿನವ್ರು ಕೇಳಿದ್ರ ಇಲ್ಲ ಅಂತಾರೇನ್ರಿ ಯವ್ವ. ಎಲ್ಲಿ ಬರೀಬೇಕು ತೋರಸ್ರಿ.”

ನಾನೇ ತೋರಿಸಿದೆ. ಬೆರಳಿಟ್ಟು ತೋರಿಸಿದೆ. ಚಹಾ ಇನ್ನೂ ಬಿಸಿ ಇತ್ತು. ಅದನ್ನು ಪೂರಾ ಕುಡಿದೆ, ಸಕ್ಕರೆ ಚೆನ್ನಾಗಿದೆ ಎಂದೆ. ಹೊರಡುವಾಗ ಅವಳು ನನ್ನ ಕಾಲು ಮುಟ್ಟಿದಳು.

ನಿಮ್ಮ ಅಮ್ಮಿಯ ಪತ್ರ ಬಂದ ದಿನ ಅವಳ ಮನೆಯ ತನಕ ಹೋದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತಿತ್ತು. ಒಂದು ಕೂಗು ಹಾಕಿದರೆ ಸಾಕಿತ್ತು. ಭೀಮನ ಟಿಕೆಟು ಹೋದರೆ ಅವನು ನನ್ನನ್ನು ಅವ್ವ ಎನ್ನುವುದಿಲ್ಲ ಎಂದು ಅನ್ನಿಸಿತು. ತಿರುಗಿ ಬಂದೆ. ಆಮೇಲೆ ದಿನಾ ನಾಳೆ ಹೋಗುತ್ತೇನೆ ಎಂದುಕೊಂಡೆ, ನಾಳೆಗಳು ಮುಗಿದವು.

ನಮ್ಮ ಅವ್ವನ ಮಾತನ್ನು ನಾನೇ ಫೆಬ್ರುವರಿಯಲ್ಲಿ ಬರೆದಿದ್ದೆ. ಮಗಳ ಮನೆಗೆ ಹೋದರೆ ಕೊಟ್ಟು ಬರಬೇಕು. ನೀನು ಓದಿದ್ದೀ. ಆ ಪತ್ರ ಇದ್ದರೆ ಸುಟ್ಟುಬಿಡು. ಬೇಡ, ಇರಲಿ.

ನಿಮ್ಮ ದೊಡ್ಡವ್ವ


ಮಡ್ಡಿಹಾಳ
17-7-2025

ಇದನ್ನು ಓದುತ್ತಿರುವವಳು ಯಾರೇ ಆಗಿರಲಿ,

ಪತ್ರವನ್ನು ಡಬ್ಬಿಯ ಮೇಲೆ ಇಡಬೇಡ. ಎಣ್ಣೆಯ ಜಿಡ್ಡು ಹತ್ತುತ್ತದೆ. ಶರೀಫಾಬೀಯ ಕಿವಿಯ ಹತ್ತಿರ ಕೂತು ಜೋರಾಗಿ ಓದು. ಅವಳು ಸಾಕು ಎಂದು ಕೈ ಮಾಡಿದರೆ ಆ ಕೈ ಹಿಡಿದುಕೊಂಡು ಓದು. ಈ ಮುದುಕಿಯ ಮೇಲೆ ಮರುಕ ಬರುವಂಥ ಮಾತು ಎಲ್ಲಾದರೂ ಕಂಡರೆ ಅದೊಂದನ್ನು ಬೇಕಾದರೆ ಹಾರಿಸು. ಉಳಿದದ್ದನ್ನು ಹಾರಿಸಿದರೆ ನಿನ್ನ ನಾಲಗೆಯಲ್ಲಿ ಹುಣ್ಣಾಗಲಿ.

ಶರೀಫಾ, ಮೊನ್ನೆ ಹೊಸ ಅಧ್ಯಕ್ಷೆಯನ್ನು ಆರಿಸುವ ಸಭೆ ಇತ್ತು. ಬಾಗಿಲು ಹಾಕಿಕೊಂಡು ಮಾಡಿದರು. ಗಂಡಂದಿರೆಲ್ಲ ಒಳಗೇ ಇದ್ದರು. ಆಮೀನಾ ಇರಲಿಲ್ಲ, ನಿನ್ನ ಹತ್ತಿರ ಇದ್ದಳು. ದೇವಕ್ಕನ ಹೆಸರು ಹೇಳಿ, ಒಪ್ಪಿಗೆ ಇದೆಯೇ ಎಂದು ಅಧಿಕಾರಿ ಒಬ್ಬೊಬ್ಬರನ್ನೇ ಕೇಳಿದರು. ನನ್ನ ಪಾಳಿ ಬಂದಾಗ ಎದ್ದು ನಿಂತೆ. ನೀನು ನನ್ನನ್ನು ಬಲ್ಲೆ, ನಾನು ನಿಂತರೆ ಊರು ನಾಲ್ಕು ಮಾತಿಗೆ ಕಾಯುತ್ತದೆ. ಬೈಗುಳ ಎಲ್ಲ ಕೂಡಿಸಿಕೊಂಡು ಹೋಗಿದ್ದೆ. ಒಂದೂ ಬರಲಿಲ್ಲ. “ನಾ ಮಗಳ ಮನಿಗಿ ಬೇಡಾಕ ಹೋದಾಕಿ,” ಅಂದೆ. “ನನ್ನ ಒಪ್ಪಿಗಿ ಯಾವುದಕ್ಕೂ ಕೇಳಬ್ಯಾಡ್ರಿ.”

ಸಿನಿಮಾದಲ್ಲಾದರೆ ಎಲ್ಲರೂ ತಲೆ ತಗ್ಗಿಸುತ್ತಿದ್ದರು. ಇಲ್ಲಿ ಯಾರೂ ತಗ್ಗಿಸಲಿಲ್ಲ. ಅಧಿಕಾರಿಗೆ ಅರ್ಥವಾಗಲಿಲ್ಲ, ಅಜ್ಜಿ ಕೂತ್ಕೊಳ್ರಿ ಎಂದರು. ಯಾರೋ ಮುದುಕಿಗೆ ಅರಳುಮರಳು ಎಂದರು. ದೇವಕ್ಕನ ಹೆಸರು ಪಾಸಾಯಿತು. ಸಂಜೆಗೆ ನೀರು ಮತ್ತೆ ದೊಡ್ಡಮನೆಯ ಓಣಿಯಿಂದ ಶುರುವಾಯಿತು. ಬಯಲು ಕೂಟದ ಕಥೆ ಇಷ್ಟೇ, ಒಂದು ಚಳಿಗಾಲದ ಕೊನೆಗೆ ಹುಟ್ಟಿ ಮಳೆಗಾಲದ ಮೊದಲಿಗೆ ಹೋಯಿತು. ನಮ್ಮೂರಲ್ಲಿ ಜೋಳದ ಬೆಳೆಗೂ ಇದಕ್ಕಿಂತ ಭರವಸೆ ಹೆಚ್ಚು.

ಗಿಡಕ್ಕೆ ಕಟ್ಟಿದ್ದ ಹಲಗೆ ಏನಾಯಿತು ಎಂದು ಮರೆಪ್ಪನನ್ನು ಕೇಳಿದೆ. ಕೋಳಿಗೂಡಿನ ಮೇಲೆ ಮುಚ್ಚಿದ್ದೇನೆ, ಮಳೆ ಸೋರುತ್ತಿತ್ತು ಎಂದ. ಅದರ ಕೆಳಗೆ ಕೋಳಿಗಳಾದರೂ ಒಟ್ಟಿಗೆ ಮಲಗುತ್ತವೆ. ಅವನು ನನಗೆ ಬೈಯಲಿಲ್ಲ. ಅವನ ಹೆಂಡತಿ ಕೊಡ ಹಿಡಿದು ಕಾಯುತ್ತ ಕೂತಿದ್ದಳು, ನನ್ನನ್ನು ನೋಡಿ ಕೊಡವನ್ನು ಆಚೆ ಸರಿಸಿ ಕೂರಲು ಜಾಗ ಮಾಡಿದಳು. ನಾನು ಕೂರಲಿಲ್ಲ. ಯಾವ ಮುಖದಿಂದ ಕೂರಲಿ?

ಬಸವೇಶ್ವರಿ ದಿನಾ ಕೇಳುತ್ತಾಳೆ, ಆಮೀನಾ ಅತ್ತಿ ಯಾಕೆ ಬರುವುದಿಲ್ಲ ಎಂದು. ನಿನ್ನೆ ಅಪ್ಪನನ್ನೇ ಕೇಳಿದಳು. ಭೀಮ ತುತ್ತು ಕೈಯಲ್ಲೇ ಹಿಡಿದು ಕೂತ. ಆಗ ನಾನು ಹೇಳಿದೆ, ಪಂಚಮಿಗೆ ಬರುತ್ತಾಳೆ, ನಾನೇ ಹೋಗಿ ಕರೆದುಕೊಂಡು ಬರುತ್ತೇನೆ. ಭೀಮ ಅಂದ, ಈಗ ಆಕೆಯನ್ನು ಮನೆಗೆ ಕರೆದರೆ ದೊಡ್ಡಮನೆಯವರು ಏನೆಂದುಕೊಳ್ಳುತ್ತಾರೆ, ಆಕಿ ಬಂದ್ರ ನಾ ಇರಂಗಿಲ್ಲ ಎಂದು. ಇರಬ್ಯಾಡ ಎಂದೆ. ಹಬ್ಬ ಮುಗಿಯುವ ತನಕ ದೊಡ್ಡಮನೆಯಲ್ಲಿ ಉಣ್ಣು, ಹೇಗೂ ಅವರೇ ಉಣಿಸುತ್ತಿದ್ದಾರೆ ಎಂದೆ. ಮಗನಿಗೆ ಇಂಥ ಮಾತು ಮೊದಲ ಸಲ ಅಂದೆ. ಕೊಟ್ಟಿಗೆಯಲ್ಲಿ ಅನ್ನಬೇಕಾಗಿತ್ತು. ಒಂದು ತಿಂಗಳು ತಡವಾಗಿ ಬಾಯಿಗೆ ಬಂತು.

ಇದರಿಂದ ಖುರ್ಚಿ ಮರಳಿ ಬರುವುದಿಲ್ಲ, ನನಗೆ ಗೊತ್ತು. ಕ್ಷಮಿಸು ಎಂದು ಬರೆದರೆ ನೀನು ಕ್ಷಮಿಸಬೇಕಾಗುತ್ತದೆ, ಆ ಭಾರವನ್ನೂ ನಿನ್ನ ಮೊಣಕಾಲಿನ ಮೇಲೆ ಹಾಕುವುದಿಲ್ಲ. ಆದರೆ ತುಂಬಿದ ಉಡಿಯನ್ನು ಬರಿದು ಮಾಡುವ ಶಾಸ್ತ್ರ ನಮ್ಮಲ್ಲಿ ಇಲ್ಲ. ಅದು ಹುರುಪಿಗೆ ತುಂಬಿದ್ದಾಗಿದ್ದರೂ ಇಲ್ಲ. ಅವಳು ನನ್ನ ಮಗಳು, ನಾನು ತಾಯಿಯ ಹಾಗೆ ನಡೆಯಲಿಲ್ಲ, ಅಷ್ಟೇ. ಅವಳು ಮಗಳ ಹಾಗೆ ನಡೆದಳು.

ಹೆಣ್ಣನ್ನು ತವರಿಗೆ ಕಳಿಸುವುದು ಅತ್ತೆಯ ಕೈಯಲ್ಲಿರುತ್ತದೆ. ಆದ್ದರಿಂದ ಅವಳಿಂದ ಏನೂ ಕೇಳುವುದಿಲ್ಲ, ನಿನ್ನನ್ನು ಕೇಳುತ್ತಿದ್ದೇನೆ. ಪಂಚಮಿಯ ಹಿಂದಿನ ದಿನ ವಡಗೇರಾ ಮೇಲಿಂದ ಬರುವ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ಹೊಸ್ತಿಲ ಹೊರಗೆ ನಿಲ್ಲುತ್ತೇನೆ. ಒಳಗೆ ಕರೆದರೆ ಬರುತ್ತೇನೆ, ಕರೆಯದಿದ್ದರೆ ಅವಳು ಹೊರಗೆ ಬರುವ ತನಕ ನಿಂತಿರುತ್ತೇನೆ. ಚಹಾ ಇಡಬೇಡಿರಿ. ನೀರೂ ಬೇಡ. ಆ ಹಸಿರು ಕಣ ಟ್ರಂಕಿನಲ್ಲೇ ಇದ್ದರೆ ಹೊಲಿಸಿಕೊಳ್ಳಲು ಹೇಳು, ಹಬ್ಬಕ್ಕೆ ತೊಟ್ಟುಕೊಂಡು ಬರಲಿ. ಹರಿದು ಎಸೆದಿದ್ದರೆ ಅದನ್ನೂ ಬರೆಸು, ಇನ್ನೊಂದು ತರುತ್ತೇನೆ.

ಕಳಿಸುವುದಿಲ್ಲ ಎಂದಾದರೆ ಹಾಗೆಂದೇ ಬರೆಸು. ನಿನ್ನ ಬಾಯಿಂದ ಬಂದ ಇಲ್ಲ ಎಂಬ ಮಾತನ್ನಾದರೂ ಜಹೀರಾಳ ಅಕ್ಷರದಲ್ಲಿ ಓದುತ್ತೇನೆ. ಈ ಸುಮ್ಮನಿರುವುದನ್ನು ಓದಲು ನನಗೆ ಬರುವುದಿಲ್ಲ, ನಾಲ್ಕನೆಯ ಕ್ಲಾಸಿನಲ್ಲಿ ಅದನ್ನು ಕಲಿಸಲಿಲ್ಲ. ಆಷಾಢ ಮುಗಿಯಲು ಇನ್ನು ಒಂದೇ ವಾರ. ಶ್ರಾವಣ ಹುಟ್ಟುವುದರೊಳಗೆ ಬರೆಸು.

ಗೊಲ್ಲಾಳಮ್ಮ